ಅಕ್ಕ ನಿಲ್ಲಿಸಿದ ಪುಟ

ಬೆಳಗ್ಗೆ ಆರೂ ಹತ್ತಕ್ಕೆ, ಪುಸ್ತಕ ಕಟ್ಟುವ ಕೆಲಸದ ಹೆಂಗಸು ತನ್ನ ಅಕ್ಕನ ಬೆತ್ತದ ಕುರ್ಚಿಯ ಎದುರು ಕೂತು, ನೆರಳಿನಲ್ಲಿ ಬೆಳೆಯುವ ಗಿಡಗಳ ಪುಸ್ತಕವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದಳು. ಎರಡು ಸಾಲು ಮುಗಿಯುವಷ್ಟರಲ್ಲಿ ಕುರ್ಚಿಯ ಕಡೆಯಿಂದ ಮಾತು ಬಂದ ಹಾಗಾಯಿತು.

"ಇದಾಯ್ತಲ್ಲೇ! ಓದಿದ್ದನ್ನೇ ಎಷ್ಟು ಸಲ ಓದ್ತೀಯ?"

ಕುರ್ಚಿ ಖಾಲಿಯಿತ್ತು. ಅಕ್ಕ ತೀರಿಹೋಗಿ ಎರಡು ತಿಂಗಳಾಗಿತ್ತು.

ಅಕ್ಕ ಬಟ್ಟೆ ಗಿರಣಿಗೆ ಹೂವಿನ ನಮೂನೆ ಬರೆದುಕೊಡುತ್ತಿದ್ದವಳು. ಕಣ್ಣು ಮಂಜಾದ ಮೇಲೂ ಹಿತ್ತಿಲ ಕುಂಡಗಳ ಮಣ್ಣು ಮುಟ್ಟಿ, ನೀರು ಬೇಕೋ ಬೇಡವೋ ಹೇಳುತ್ತಿದ್ದಳು. ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಳು: ಚಿತ್ರಕಲೆಯದೊಂದು, ತೋಟದ್ದೊಂದು, ಮತ್ತೆ ಚಿತ್ರಕಲೆಯದು. "ಒಂದು ಕಣ್ಣಿಗೆ, ಒಂದು ಕೈಗೆ" ಎನ್ನುತ್ತಿದ್ದಳು. ಓದಿ ಹೇಳುವ ಕೆಲಸ ತಂಗಿಯದು.

"ನಿನ್ನ ರಾಗ ಕೇಳಿದ್ರೆ ನನ್ನ ಗಿಡ ಬಾಡುತ್ತೆ ಕಣೇ."

"ಹಾಗಾದ್ರೆ ಗಿಡದ ಹತ್ರನೇ ಓದಿಸ್ಕೋ."

ಹೀಗೆ ಕಚ್ಚಾಡುತ್ತಲೇ ಪಟ್ಟಿಯ ಕೊನೆಯ ಪುಸ್ತಕಕ್ಕೆ ಬಂದಿದ್ದರು. ನಿಲ್ಲಿಸುವಾಗ ತಂಗಿ ಪುಟದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು, ಅಕ್ಕ "ಹೂಂ" ಅನ್ನಬೇಕು, ಆಮೇಲೆ ಕುಂಡದ ಎಲೆಯೊಂದನ್ನು ಕಿತ್ತು ಅಲ್ಲಿಡಬೇಕು.

ಆ ಎಲೆಯನ್ನು ಕಳೆದದ್ದು ತಂಗಿಯ ಕಸುಬೇ. ಅಕ್ಕ ಹೋದ ಮೇಲೆ, ಹೊಲಿಗೆ ಬಿಚ್ಚಿಕೊಂಡಿದ್ದ ಪುಸ್ತಕವನ್ನು ಕಟ್ಟಲು ತನ್ನ ಅಂಗಡಿಗೆ ಒಯ್ದಳು. ಕಟ್ಟುವ ಮುಂಚೆ ತಲೆಕೆಳಗು ಹಿಡಿದು ಕೊಡವುವುದು ಕೈಗೆ ಹತ್ತಿದ ಅಭ್ಯಾಸ; ಕೊಡವಿದಳು. ಪುಟಗಳ ಮೇಲಿನ ಕಲೆಗಳನ್ನೂ ಒಂದೂ ಬಿಡದೆ ಉಜ್ಜಿ ತೆಗೆದಳು. ಕಾಗದದ ಚೂರುಗಳ ಜೊತೆ ಎಲೆಯೂ ಕಸಕ್ಕೆ ಹೋಯಿತೆಂದು ಆಮೇಲೆ ಹೊಳೆಯಿತು. ಕೊನೆಯ ಸಂಜೆ ನಿದ್ದೆಗಣ್ಣಲ್ಲಿ ಓದಿದ್ದಳು. ಎಲ್ಲಿಗೆ ನಿಲ್ಲಿಸಿದ್ದೆಂಬುದು ತಲೆಯಲ್ಲಿ ಉಳಿದಿರಲಿಲ್ಲ. ಆ ಜಾಗ ಸಿಗದೆ ಓದು ಮುಂದೆ ಹೋಗದು. ಓದು ಮುಗಿಯದೆ ಕುರ್ಚಿ ಸುಮ್ಮನಾಗದು.

ಈ ಬೆಳಗ್ಗೆ ಆ ಜಾಗ ಹುಡುಕಿ ಪುಟ ತಿರುವುತ್ತ ಹೋದಳು. ಎಲ್ಲಿ ನೋಡಿದರೂ ನೆರಳಿನದೇ ಮಾತು. ಹಿತ್ತಿಲ ಬಾಗಿಲಿನ ಬಿಸಿಲು ಕುರ್ಚಿಯ ಕಾಲಿಗೆ ಬರುವ ಹೊತ್ತಿಗೆ ಒಂದು ಸಾಲು ಕಣ್ಣಿಗೆ ಬಿತ್ತು: ‘ನೆರಳಿನಲ್ಲಿ ಬಣ್ಣಕ್ಕೆ ಜಾಗವಿಲ್ಲ.’

ಅಕ್ಕ ಕೈಯೆತ್ತಿ ತಡೆದದ್ದು ಥಟ್ಟನೆ ನೆನಪಾಯಿತು.

"ನಿಲ್ಸೇ! ಯಾರವನು ಬರೆದೋನು? ನೆರಳಿನ ತುಂಬ ನೀಲಿ ಇರುತ್ತೆ. ನಾಳೆ ಅವನ ಜೊತೆ ಜಗಳ ಇದೆ, ಪುಟ ಹೇಳು."

ಬೆತ್ತ ಲಟಕ್ಕೆಂದಿತು. ಬಿಸಿಲು ತಾಗಿದರೆ ಬೆತ್ತ ಹಾಗೆ ಸದ್ದು ಮಾಡುತ್ತದೆಂದು ಅವಳಿಗೆ ಗೊತ್ತು. ಆದರೂ ತಲೆ ಎತ್ತಲಿಲ್ಲ. "ಹೂಂ" ಬರುವುದೋ ಎಂದು ಕಿವಿಗೊಟ್ಟು, ಅಂದು ಆಕಳಿಸುತ್ತ ಹೇಳಿದ್ದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು:

"ನೂರ ಮೂವತ್ತಾರು."