ಎರಡು ದಿನಕ್ಕೆ ಹೋಗುವ ಸದ್ದು

ಸೋಮವಾರ ಬೆಳಿಗ್ಗೆ ಎದ್ದಾಗ ಎಡಕಿವಿ ಕಟ್ಟಿಕೊಂಡಿತ್ತು. ನೀರು ಒಳಗೆ ಹೋಗಿ ನಿಂತ ಹಾಗೆ. ತಲೆ ವಾಲಿಸಿ ಒಂಟಿಕಾಲಲ್ಲಿ ಕುಣಿದೆ. ಏನೂ ಹೊರಗೆ ಬರಲಿಲ್ಲ. ಒಳಗೆ ಸಣ್ಣಗೆ ಕುಂಯ್ ಎನ್ನುವ ಸದ್ದು.

ನನಗೆ ಭಯವಾಗಲಿಲ್ಲ. ನಗು ಬಂತು.

ಹಿಂದಿನ ಸಂಜೆ ಮಗಳು ಮೇಘಾ ನನ್ನನ್ನು ವೈಟ್‌ಫೀಲ್ಡ್ ಕಡೆಯ ಮೈದಾನವೊಂದರಲ್ಲಿ ನಡೆದ ರಾಕ್ ಶೋಗೆ ಕರೆದುಕೊಂಡು ಹೋಗಿದ್ದಳು. ಅವಳ ಪಾಲಿಗೆ ಅದೇ ಮೊದಲ ಕಾನ್ಸರ್ಟ್. ವೇದಿಕೆಯ ಮೇಲಿದ್ದವರು ಅವಳ ವಯಸ್ಸಿನವರು. ನುಡಿಸಿದ್ದು ಮಾತ್ರ ನನ್ನ ಹರೆಯದಲ್ಲೇ ಹಳೆಯವಾಗಿದ್ದ ಹಾಡುಗಳು. ಗಿಟಾರಿನ ಮೊದಲ ಎಳೆ ಕೇಳಿದ ಕೂಡಲೇ ಹಾಡಿನ ಗುರುತು ಸಿಕ್ಕಿ ನಾನು ಕೂಗಿಕೊಂಡರೆ, ಮೇಘಾ ವೇದಿಕೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ, ಯಾರೇ ನೀನು?" ಎಂದು ಕಿರುಚಿದಳು.

ಕಿವಿ ಹೀಗಾಗುವುದು ನನಗೆ ಹೊಸದಲ್ಲ. ಹತ್ತೊಂಬತ್ತರಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಮೋಟಾರಿಗೆ ತಾಮ್ರದ ಕಾಯಿಲ್ ಸುತ್ತುವ ಕೆಲಸ. ಈಗಲೂ ಅದೇ ಕೆಲಸ, ಬೇರೆ ಕಾರ್ಖಾನೆ. ಆಗ ಬಾಗಲಗುಂಟೆಯ ನಮ್ಮ ಮನೆಯಲ್ಲಿ ಅಣ್ಣ ರವಿಯ ಟೇಪ್ ರೆಕಾರ್ಡರ್ ಇತ್ತು. ಅವನು ಯಾರ್ಯಾರಿಂದಲೋ ಕ್ಯಾಸೆಟ್ ತುಂಬಿಸಿಕೊಂಡು ಬಂದು ಬ್ಯಾಂಡುಗಳ ಹೆಸರನ್ನು ಕನ್ನಡದಲ್ಲೇ ಬರೆದಿಡುತ್ತಿದ್ದ. ಹಾಡಿನ ಇಂಗ್ಲಿಷ್ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಇಡೀ ದಿನ ತಲೆತಗ್ಗಿಸಿ ತಂತಿ ಸುತ್ತಿ ಬಂದವಳಿಗೆ ಆ ಗಿಟಾರು ಬೆನ್ನು ನೆಟ್ಟಗೆ ಮಾಡುತ್ತಿತ್ತು. ಒಬ್ಬ ಗಾಯಕನಂತೂ ಬಾಗಿಲಿಗೆ ಬೆರಳು ಸಿಕ್ಕವನ ಹಾಗೆ ಅರಚುತ್ತಿದ್ದ. "ಯಾರಾದ್ರೂ ಅವನಿಗೆ ನೀರು ಕೊಡ್ರೋ" ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು.

ಒಂದು ಭಾನುವಾರ ರವಿ, ಆರ್ಕೆಸ್ಟ್ರಾ ಎಂದು ಅಮ್ಮನಿಗೆ ಸುಳ್ಳು ಹೇಳಿ, ನನ್ನನ್ನು ಕಾಲೇಜು ಮೈದಾನವೊಂದರ ರಾಕ್ ಶೋಗೆ ಕರೆದೊಯ್ದ. ಡ್ರಮ್ಮಿನ ಮೊದಲ ಏಟಿಗೆ ನನ್ನ ಎದೆಗೂಡೇ ನಡುಗಿತು. ಸ್ಪೀಕರಿನ ಪಕ್ಕದಲ್ಲೇ ನಿಂತು, ದುಪಟ್ಟಾ ಸೊಂಟಕ್ಕೆ ಬಿಗಿದು ಕುಣಿದೆ. ಅಷ್ಟು ಜನರ ನಡುವೆ ನನ್ನನ್ನು ಗುರುತಿಸುವವರು ಒಬ್ಬರೂ ಇಲ್ಲ ಎನ್ನುವುದು ಎಂಥ ಸುಖವಾಗಿತ್ತು! ಎರಡು ದಿನ ಕಿವಿ ಕುಂಯ್‌ಗುಟ್ಟಿತು. ಮೂರನೆಯ ದಿನ ಸದ್ದು ಹೋಯಿತು. ಹೋಯಿತಲ್ಲ ಎಂದು ಬೇಜಾರಾಗಿತ್ತು.

ಹಾಗಾಗಿ ಈ ಸಲವೂ ಕಾದೆ.

ಮೂರನೆಯ ದಿನ ಹೋಗಲಿಲ್ಲ. ಐದನೆಯ ದಿನವೂ ಇಲ್ಲ. ಆಗ ಹತ್ತೊಂಬತ್ತು, ಈಗ ನಲವತ್ತೆಂಟು, ನಿಧಾನವಾಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಬಾಯಿಬಿಡಲಿಲ್ಲ. ಮೇಘಾ ಪ್ರತಿ ಸಂಜೆ ಫೋನಿನಲ್ಲಿ ಆ ಶೋನ ವಿಡಿಯೋ ಹಾಕಿ, "ನೋಡಿಲ್ಲಿ, ನೀನು ಕುಣೀತಿರೋದು" ಎಂದು ನಗುತ್ತಿದ್ದಳು. ಅದಕ್ಕೆ ಕಲ್ಲು ಹಾಕಲು ಮನಸ್ಸಾಗಲಿಲ್ಲ.

ಒಂಬತ್ತನೆಯ ದಿನ ಕಾರ್ಖಾನೆಯ ಅಂಗಳ ದಾಟುತ್ತಿದ್ದೆ. ಫೋರ್ಕ್‌ಲಿಫ್ಟ್‌ನ ಹಾರ್ನ್ ಕೇಳಿಸಿತು. ಬಲಕ್ಕೆ ತಿರುಗಿದೆ. ಬಲಕ್ಕೆ ಏನೂ ಇರಲಿಲ್ಲ.

ಅದು ಎಡದಿಂದ ಬರುತ್ತಿತ್ತು.

ಡ್ರೈವರ್ ಬ್ರೇಕ್ ತುಳಿದಾಗ ಅದರ ಕಬ್ಬಿಣದ ಹಲ್ಲು ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. "ಸುಧಕ್ಕಾ! ಕಿವಿ ಕೇಳ್ಸಲ್ವಾ ನಿಮ್ಗೆ?" ಎಂದು ಕೂಗಿದ. ಬೈಗುಳವಾಗಿ ಕೇಳಿದ ಮಾತು. ನನಗೆ ಅಳು ಬಂತು. ಸೂಪರ್‌ವೈಸರ್ ಅವತ್ತೇ ರಜೆ ಕೊಟ್ಟು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದರು.

ಗಾಜಿನ ಪೆಟ್ಟಿಗೆಯಂಥ ರೂಮಿನಲ್ಲಿ ಕೂರಿಸಿ ಆಡಿಯೋಮೆಟ್ರಿ ಮಾಡಿದರು. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಬಲಕಿವಿಗೆ ಒತ್ತಿದೆ, ಒತ್ತಿದೆ. ಎಡಕಿವಿಗೆ ಬದಲಾಯಿಸಿದ ಮೇಲೆ ಬಹಳ ಹೊತ್ತು ಬೆರಳು ಬಟನ್ ಮೇಲೆ ಸುಮ್ಮನೆ ಕೂತಿತ್ತು.

"ಎಷ್ಟು ದಿನ ಆಯ್ತಮ್ಮ?" ಡಾಕ್ಟರ್ ಕೇಳಿದರು.

"ಒಂಬತ್ತು."

ಅವರು ಪೆನ್ನು ಕೆಳಗಿಟ್ಟರು. "ಮೊದಲ ಎರಡು ಮೂರು ದಿನದಲ್ಲೇ ಬಂದಿದ್ರೆ ಚೆನ್ನಾಗಿರ್ತಿತ್ತು. ಇದು ನರದ ತೊಂದರೆ. ಸ್ಟೀರಾಯ್ಡ್ ಮಾತ್ರೆ ಶುರು ಮಾಡೋಣ. ಎಷ್ಟು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ."

"ಕಾನ್ಸರ್ಟ್‌ನಿಂದ ಆಗಿದ್ದಾ, ಮೇಡಂ?"

"ಅದೂ ಹೇಳಕ್ಕಾಗಲ್ಲ. ಅದೇ ಆಗಿದ್ರೆ ಸಾಮಾನ್ಯವಾಗಿ ಎರಡೂ ಕಿವಿಗೆ ಆಗ್ತಿತ್ತು. ವೈರಸ್ಸೂ ಇರಬಹುದು. ಎಷ್ಟೋ ಸಲ ಕಾರಣ ಗೊತ್ತಾಗೋದೇ ಇಲ್ಲ."

ಮಾತ್ರೆ ಶುರುವಾದ ಮೇಲೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ನಿದ್ದೆ ಇಲ್ಲ. ಎದೆ ಢವಢವ. ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಒಣಗಿದ ಮೇಲೆ ಇನ್ನೊಮ್ಮೆ ತೊಳೆದೆ. ಮೆಟ್ಟಿಲು ಹತ್ತಿದೆ, ಇಳಿದೆ. ಕಿವಿಯೊಳಗಿನ ಸದ್ದು ಮಾತ್ರ ನಾನು ಹೋದಲ್ಲೆಲ್ಲ ಬರುತ್ತಿತ್ತು, ಹಿತ್ತಿಲಲ್ಲಿ ಯಾರೋ ಬಿಟ್ಟುಹೋದ ಗ್ರೈಂಡಿಂಗ್ ಮೆಷಿನ್ನಿನಂತೆ, ಆರಿಸಲು ಸ್ವಿಚ್ಚೇ ಇಲ್ಲದೆ.

ವಿಜಯಪುರದಿಂದ ಕೆಲಸ ಹುಡುಕಿ ಬಂದು ಇಲ್ಲೇ ನೆಲೆಸಿದ ನನ್ನ ಗಂಡ ಮಲ್ಲಿಕಾರ್ಜುನ ಹೆಚ್ಚು ಮಾತಿನವರಲ್ಲ. "ಹಿಂಗ್ಯಾಕ ತಿರಗಾಕತ್ತೀ? ಒಂದ ಕಡಿ ಕುಂದರ ಸ್ವಲ್ಪ" ಎಂದರು.

"ಆಗಲ್ಲ ರೀ. ಕೂತ್ರೆ ಇನ್ನೂ ಜಾಸ್ತಿ ಕೇಳ್ಸುತ್ತೆ."

ಅವರು ಎದ್ದು ಚಪ್ಪಲಿ ಮೆಟ್ಟಿದರು. "ನಡಿ ಹಂಗಾರ, ಇಬ್ರೂ ತಿರಗೂಣು." ಬಾಗಲಗುಂಟೆಯ ಬೀದಿಗಳನ್ನು ದಿನವೂ ಸಂಜೆ ಹೀಗೆ ಸುತ್ತಿದೆವು.

ಮನೆಯಲ್ಲಿ ಹಾಡಿನ ಸದ್ದು ನಿಂತಿತ್ತು. ಮೇಘಾ ಹಾಡು ಹಾಕುವುದನ್ನೇ ಬಿಟ್ಟಿದ್ದಳು. ಆ ವಿಡಿಯೋ ಕೂಡ ಅಳಿಸಿದ್ದಳು. ನಾನು ಕೇಳಿದಾಗ ಮುಖ ತಿರುಗಿಸಿದಳು.

"ನಾನು ಕರ್ಕೊಂಡು ಹೋಗ್ದಿದ್ರೆ ನಿನಗೆ ಹೀಗಾಗ್ತಿರಲಿಲ್ಲ."

"ಡಾಕ್ಟರ್ ಹಾಗೆ ಹೇಳಿಲ್ಲ ಕಣೇ."

"ಅಲ್ಲ ಅಂತಾನೂ ಹೇಳಿಲ್ಲ ತಾನೆ?"

ಒಳಗಿಟ್ಟುಕೊಂಡಿದ್ದ ಮಾತನ್ನು ಹೇಳಲೇಬೇಕಾಯಿತು. "ಮೊದಲನೇ ದಿನವೇ ಗೊತ್ತಿತ್ತು ನನಗೆ. ನಿನ್ನ ಹತ್ರ ಮುಚ್ಚಿಟ್ಟೆ. ತಡ ಮಾಡಿದ್ದು ನಾನು, ನೀನಲ್ಲ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಸಿಟ್ಟು ಬಂತು. "ಒಂಬತ್ತು ದಿನ! ನನ್ನ ಜೊತೆ ನಗ್ತಾ ಕೂತಿದ್ಯಲ್ಲಮ್ಮ!" ಎಂದು ಬಾಗಿಲು ಬಡಿದುಕೊಂಡು ಹೋದಳು. ಎರಡು ದಿನ ಮಾತು ಬಿಟ್ಟಳು. ಆ ಎರಡು ದಿನ ಮಾತ್ರೆಗಿಂತ ಕಷ್ಟವಾಗಿತ್ತು.

ಆಮೇಲೆ ಕಿವಿಯ ತಮಟೆಯ ಮೂಲಕ ಇಂಜೆಕ್ಷನ್ ಕೊಟ್ಟರು, ವಾರಕ್ಕೊಂದರಂತೆ ಮೂರು. ಮೊದಲನೆಯದಕ್ಕೆ ಮೇಘಾ ತಾನಾಗಿಯೇ ಬಂದಳು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಉಗುಳು ನುಂಗದೆ ಮಗ್ಗುಲಾಗಿ ಮಲಗಿರಬೇಕು. ಲೋಕವೆಲ್ಲ ಗರಗರ ತಿರುಗುತ್ತಿತ್ತು. ಎದ್ದೋಡಬೇಕೆನಿಸುತ್ತಿದ್ದ ನನ್ನ ಕೈಯನ್ನು ಅವಳು ಹಾಸಿಗೆಗೆ ಒತ್ತಿ ಹಿಡಿದಿದ್ದಳು.

ಕೊನೆಯ ಆಡಿಯೋಮೆಟ್ರಿಯಲ್ಲಿ ಎಡಕಿವಿಯ ಗ್ರಾಫಿನ ಗೆರೆ ಅರ್ಧದಷ್ಟು ಮೇಲೆ ಬಂದಿತ್ತು. ದಪ್ಪ ಸದ್ದುಗಳು ಮರಳಿವೆ. ಸಣ್ಣವು ಬಂದಿಲ್ಲ. "ಇಷ್ಟು ಬಂದಿದ್ದೇ ಒಳ್ಳೇದು. ಉಳಿದಿದ್ದು ಬರೋದು ಕಷ್ಟ" ಎಂದರು ಡಾಕ್ಟರ್. ತಲೆಯಲ್ಲಿ ಗಡ್ಡೆ ಇದೆಯೇ ಎಂದು ನೋಡಲು ಮಾಡಿಸಿದ್ದ ಎಂಆರ್‌ಐ ಸರಿಯಾಗಿತ್ತು. ಅದಕ್ಕೆ ಕೈ ಮುಗಿದೆ.

ಈಗ ಮನೆಯಲ್ಲಿ ಮತ್ತೆ ಹಾಡು ಇದೆ, ಮೆಲ್ಲಗೆ. ಎಡಕಿವಿಗೆ ಬೇಸ್ ಗಿಟಾರ್ ಮಾತ್ರ ಬರುತ್ತದೆ, ಗಾಯಕ ಪಕ್ಕದ ಮನೆಯಲ್ಲಿ ಹಾಡಿದಂತೆ. ಇದೂ ಒಂದು ಬಗೆಯ ಕೇಳುವಿಕೆ ಎಂದು ಅಂದುಕೊಳ್ಳುತ್ತೇನೆ. ಕೆಲವು ದಿನ ಹಾಗೆ ಅಂದುಕೊಳ್ಳಲು ಆಗುವುದಿಲ್ಲ. ಆಗ ಬೀದಿ ಸುತ್ತುತ್ತೇನೆ.

ಕಳೆದ ವಾರ ಕೆಲಸಕ್ಕೆ ಮರಳಿದೆ. ಮೊದಲ ದಿನ ಮೇಘಾ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದಳು. ಬೀದಿಗಿಳಿದ ಕೂಡಲೇ ನನ್ನ ಹಿಂದಿನಿಂದ ಸುತ್ತಿ ಬಂದು ಬಲಕ್ಕೆ ನಡೆದಳು. ದಾರಿಯುದ್ದಕ್ಕೂ ಮಾತಾಡಿದಳು. ಲಾರಿಯೊಂದು ಹಾದುಹೋಗುವಾಗ ಒಂದು ಮಾತು ತಪ್ಪಿತು.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಎಂದೆ.

ಹೇಳಿದಳು.