ನಾನು ಹೊಡೆದು ಹಾಕಿದ ಒಂಬತ್ತನೆಯ ಉತ್ತರ

೨೦೦೬ರಲ್ಲಿ ನಾನು ಕತಾರಿನ ರಾಸ್ ಲಫಾನ್‌ನಲ್ಲಿ ಪೈಪ್‌ಲೈನ್ ಗುತ್ತಿಗೆ ಹಿಡಿದ ಒಂದು ಕಂಪನಿಯ ಪರ್ಚೇಸ್ ಆಫೀಸರ್ ಆಗಿದ್ದೆ. ಕಾಪುವಿನಲ್ಲಿ ಪಿಯುಸಿಗೇ ಓದು ಬಿಟ್ಟವನು ಆ ಕುರ್ಚಿಯವರೆಗೆ ಬಂದದ್ದು ಬಾಯಿಯ ಬಲದಿಂದ. ನಟ್ಟು ಬೋಲ್ಟಿನಿಂದ ಹಿಡಿದು ಕ್ರೇನಿನ ಬಾಡಿಗೆಯವರೆಗೆ, ಯಾವುದನ್ನೂ ಹೇಳಿದ ಬೆಲೆಗೆ ಒಪ್ಪಿದವನಲ್ಲ. ಚೌಕಾಸಿಯಲ್ಲಿ ನನಗೊಂದು ನಿಯಮವಿತ್ತು: ನಮ್ಮ ಕಡೆಯ ಕುಂದನ್ನು ನಾವಾಗಿ ಬಾಯಿ ಬಿಡಬಾರದು. ಆ ನಿಯಮದಿಂದ ಕಂಪನಿಗೆ ಲಾಭವಾಗಿದೆ. ಒಬ್ಬರ ಸಂಸಾರಕ್ಕೆ ಮಾತ್ರ ಏನಾಯಿತೆಂದು ಇಲ್ಲಿ ಬರೆಯುತ್ತಿದ್ದೇನೆ.

ಶಿವಾನಂದ ಗದಗ ಕಡೆಯವರು, ಪೈಪಿಂಗ್ ಎಂಜಿನಿಯರ್. ಒಂಬತ್ತು ವರ್ಷ ಥಾಯ್ಲೆಂಡಿನಲ್ಲಿದ್ದವರು. ಹೆಂಡತಿ ಅಲ್ಲಿಯವರೇ, ಆರು ವರ್ಷದ ಮಗಳು. ಅಲ್ಲಿನ ಕಂಪನಿ ಅವರನ್ನು ಡೆಪ್ಯುಟೇಶನ್ ಮೇಲೆ, ಅಂದರೆ ಎರಡು ವರ್ಷದ ಮಟ್ಟಿಗೆ, ನಮ್ಮ ಪ್ರಾಜೆಕ್ಟಿಗೆ ಕಳಿಸಿತ್ತು. ಇಲ್ಲಿಗೆ ಬರುವ ಮೊದಲೇ ಅವರು ಅಲ್ಲಿ ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಿದ್ದರು. ಅದು ಸಿಕ್ಕಿದರೆ ಅಲ್ಲಿ ಶಾಶ್ವತವಾಗಿ ನೆಲೆಸಬಹುದು. ಸಿಗದಿದ್ದರೆ ಪ್ರತಿ ವರ್ಷದ ವೀಸಾ ಕಂಪನಿಯ ಕಾಗದಕ್ಕೆ ನೇತಾಡಿಕೊಂಡಿರುತ್ತದೆ. ಹೆಂಡತಿಯ ಆಧಾರದ ಮೇಲೆ ಉಳಿಯಬೇಕೆಂದರೂ ಆದಾಯ ತೋರಿಸಬೇಕು.

ಇಂಟರ್‌ವ್ಯೂಗೆ ಕರೆ ಬಂದಾಗ ಉಳಿದಿದ್ದದ್ದು ಆರು ವಾರ. ಪ್ರಶ್ನೆಗಳೆಲ್ಲ ಥಾಯ್ ಭಾಷೆಯಲ್ಲಿ. ಶಿವಾನಂದರಿಗೆ ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗಿತ್ತು, ಮನೆಯಲ್ಲಿ ಅರ್ಧ ಮಾತು, ಅರ್ಧ ಕೈಸನ್ನೆ. ಆ ಪತ್ರ ಹಿಡಿದುಕೊಂಡೇ ನನ್ನ ಸ್ಟೋರ್ ಕಂಟೇನರಿಗೆ ಬಂದರು.

"ಶೆಟ್ರ, ನಾಳೆ ಕಂಪನಿಯವ್ರು ಕಾಗದ ಕೊಡೂದು ನಿಲ್ಲಿಸಿದ್ರಂದ್ರ ಹೇಣ್ತಿ, ಮಗಳು ಅಲ್ಲಿ, ನಾ ಗದಗಿನ್ಯಾಗ. ಇದೊಂದು ಆಗಬೇಕ್ರೀ."

"ನೀವು ಎಂತಕ್ಕೆ ಹೆದರುವುದು ಮಾರಾಯ್ರೇ? ನಾನಿದ್ದೇನಲ್ಲ."

ಹೀಗೆ ಹೇಳುವುದು ನನ್ನ ಚಟ. ನಮ್ಮ ಸೈಟಿನಲ್ಲಿ ಥಾಯ್ ವೆಲ್ಡರುಗಳ ಒಂದು ತಂಡವಿತ್ತು, ಅವರ ಫೋರ್‌ಮನ್ ಪ್ರಸಿತ್, ಐವತ್ತರ ಮೇಲಿನವ. ಪಾಠ ಹೇಳಿಕೊಡಲು ಅವನನ್ನು ಒಪ್ಪಿಸಿದೆ. ಅವರ ಮೆಸ್ಸಿಗೆ ದೋಹಾದಿಂದ ವಾರಕ್ಕೆ ನಾಲ್ಕು ಬಾಟಲಿ ಮೀನಿನ ಸಾಸ್ ತಂದುಕೊಡಬೇಕೆಂದ. ಎರಡಕ್ಕೆ ಇಳಿಸಿದೆ. ಪುಣ್ಯದ ಕೆಲಸದಲ್ಲೂ ಬಾಯಿ ಸುಮ್ಮನಿರಲಿಲ್ಲ.

ದಿನಾ ಮಧ್ಯಾಹ್ನ ಊಟದ ವಿರಾಮದಲ್ಲಿ ಕಂಟೇನರಿನಲ್ಲೇ ಪಾಠ. ಈ ಇಂಟರ್‌ವ್ಯೂ ಮುಗಿಸಿ ಬಂದಿದ್ದ ಒಬ್ಬ ಪರಿಚಿತರಿಂದ ಶಿವಾನಂದ ಮೂವತ್ತು ಪ್ರಶ್ನೆ ತರಿಸಿಕೊಂಡಿದ್ದರು. ಉತ್ತರವನ್ನು ಶಿವಾನಂದ ಇಂಗ್ಲಿಷಿನಲ್ಲಿ ಹೇಳುವುದು, ಪ್ರಸಿತ್ ಅದನ್ನು ಥಾಯ್‌ಗೆ ತರುವುದು, ಇವರು ಕನ್ನಡ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದುಕೊಂಡು ಬಾಯಿಪಾಠ ಮಾಡುವುದು. ವಾಕ್ಯದ ಕೊನೆಗೆ ಮರ್ಯಾದೆಯ 'ಕ್ರಪ್' ಬಿಟ್ಟುಹೋದರೆ ಪ್ರಸಿತ್ ಮೇಜಿಗೆ ಸ್ಪ್ಯಾನರ್ ಬಡಿಯುತ್ತಿದ್ದ.

ಒಂಬತ್ತನೆಯ ಪ್ರಶ್ನೆ: ಭಾನುವಾರ ಮಗಳ ಜೊತೆ ಹೇಗೆ ಕಳೆಯುತ್ತೀರಿ? ಶಿವಾನಂದ ಬರೆಸಿದ ಉತ್ತರ ಹೀಗಿತ್ತು: "ಏಳು ತಿಂಗಳಿಂದ ಕತಾರಿನಲ್ಲಿ ಕೆಲಸದಲ್ಲಿದ್ದೇನೆ. ಅಲ್ಲಿ ಭಾನುವಾರ ರಜೆಯಿಲ್ಲ. ಊಟದ ವಿರಾಮದಲ್ಲಿ ಫೋನ್ ಮಾಡುತ್ತೇನೆ. ಮಗಳು ಶಾಲೆಯಲ್ಲಿ ಕಲಿತ ಹಾಡು ಹೇಳುತ್ತಾಳೆ."

ನಾನು ಪೆನ್ನು ತೆಗೆದುಕೊಂಡು ಅದರ ಮೇಲೆ ಗೀಟು ಎಳೆದೆ. "ಕತಾರಿನಲ್ಲಿ ದುಡಿಯುವವನಿಗೆ ನಮ್ಮ ದೇಶ ಎಂತಕ್ಕೆ ಅಂತ ಆ ಅಧಿಕಾರಿಗಳು ಕೇಳಿದರೆ? ಡೆಂಟ್ ಬಿದ್ದ ಫ್ರಿಜ್ ಮಾರುವವನು ಆ ಬದಿ ಗೋಡೆಗೆ ತಿರುಗಿಸಿ ಇಡುವುದು."

"ಆದ್ರ ಖರೇ ಅದ ಐತಲ್ರೀ ಶೆಟ್ರ."

"ಖರೆ ಹೌದು. ನೀವಾಗಿ ಯಾಕೆ ಹೇಳಬೇಕು?"

ಹೊಸ ಉತ್ತರ ನನ್ನದೇ. ಪ್ರತಿ ಭಾನುವಾರ ಬೆಳಿಗ್ಗೆ ಮಗಳನ್ನು ದೇವಸ್ಥಾನಕ್ಕೆ, ಅಲ್ಲಿಂದ ಮಾರ್ಕೆಟಿಗೆ ಕರೆದುಕೊಂಡು ಹೋಗುತ್ತೇನೆ, ಮಾವಿನ ಹಣ್ಣು ಕೊಳ್ಳುತ್ತೇವೆ. ಪ್ರಸಿತ್ ಕಾರ್ಡನ್ನು ಎರಡು ಸಲ ನೋಡಿ, ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ: "ಬಾಸ್, ಮೊದಲಿನದು ಒಳ್ಳೆಯದಿತ್ತು."

"ಯಲ್ಲಾ, ಬರಿ," ಎಂದು ಸೈಟಿನ ಅರಬ್ಬಿಯಲ್ಲಿ ಅವಸರಪಡಿಸಿದೆ.

ಇಂಟರ್‌ವ್ಯೂ ಮುಗಿದ ದಿನ ಶಿವಾನಂದ ಬ್ಯಾಂಕಾಕಿನಿಂದ ಫೋನ್ ಮಾಡಿದರು. ದನಿ ಕೇಳುತ್ತಲೇ ನಾನು ಕುರ್ಚಿ ಎಳೆದು ಕುಳಿತೆ. ಮೊದಲ ಪ್ರಶ್ನೆಗಳೆಲ್ಲ ಚೆನ್ನಾಗಿಯೇ ಹೋಗಿದ್ದವು. ಭಾಷೆ ಚೆನ್ನಾಗಿದೆ ಎಂದು ಒಬ್ಬ ಅಧಿಕಾರಿ ಹೊಗಳಿದ್ದರಂತೆ. ಆಮೇಲೆ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಗಳ ಬಗ್ಗೆ ಕೇಳಿದರು. ಇವರು ಕಾರ್ಡಿನಲ್ಲಿದ್ದಂತೆಯೇ ಒಪ್ಪಿಸಿದರು, ಒಂದು ಅಕ್ಷರ ತಪ್ಪದೆ. ಆಕೆ ಎದುರಿನ ಪಾಸ್‌ಪೋರ್ಟ್ ತೆರೆದು ನಿಧಾನವಾಗಿ ಹಾಳೆ ತಿರುವಿ, ಕತಾರಿನ ಮುದ್ರೆಯ ಮೇಲೆ ಬೆರಳಿಟ್ಟು ಕೇಳಿದರು: "ಈ ಏಳು ತಿಂಗಳಲ್ಲಿ ಎಷ್ಟು ಭಾನುವಾರ?"

"ಥಾಯ್‌ನಾಗ ಸೊನ್ನಿಗೆ ಏನಂತಾರ ನನಗ ಗೊತ್ತಿತ್ರೀ ಶೆಟ್ರ. ಅದನ್ನ ಹೇಳೂದು ಬಿಟ್ಟು ಬಾಗಲಾ ಕಡೆ ನೋಡಿದೆ. ಮಗಳು ಹೊರಗ ಬಾಕಿನ ಮ್ಯಾಲೆ ಕುಂತಿದ್ಲು."

ಅದರ ಮುಂದಿನ ಪ್ರಶ್ನೆಗಳನ್ನು ಅಧಿಕಾರಿಗಳು ಕೇಳಲೇ ಇಲ್ಲವಂತೆ.

ನನ್ನ ತಪ್ಪು ನನಗೆ ಆಗ ಹೊಳೆಯಿತು. ನನ್ನ ಕಸುಬಿನಲ್ಲಿ ಎದುರಿನವನು ನೋಡುವುದು ನಾನು ತೋರಿಸಿದ ಕಾಗದವನ್ನು ಮಾತ್ರ. ಆ ಮೇಜಿನ ಮೇಲೆ ಇವರ ಪಾಸ್‌ಪೋರ್ಟ್ ಇರುತ್ತದೆ, ಡೆಪ್ಯುಟೇಶನ್ ಪತ್ರವೂ ಫೈಲಿನಲ್ಲಿರುತ್ತದೆ. ಆರು ವಾರದಲ್ಲಿ ಆ ಫೈಲಿನಲ್ಲಿ ಏನಿದೆಯೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಶಿವಾನಂದ ಸೈಟಿಗೆ ಮರಳಿದ ನಾಲ್ಕು ತಿಂಗಳ ಬಳಿಕ ಉತ್ತರ ಬಂತು: ಅರ್ಜಿ ಒಪ್ಪಿಗೆಯಾಗಿಲ್ಲ. ಶಿವಾನಂದ ಡೆಪ್ಯುಟೇಶನ್ ಅರ್ಧಕ್ಕೇ ಮುಗಿಸಿ, ಇಲ್ಲಿನ ಸಂಬಳ ಬಿಟ್ಟು, ಹೆಂಡತಿ ಮಗಳ ಬಳಿಗೆ ಹೋದರು. ಮತ್ತೆ ಅರ್ಜಿ ಹಾಕುತ್ತೇನೆ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೌಕಾಸಿ ಮಾಡಿಯಾದರೂ ಸ್ವಲ್ಪ ಇಳಿಸಿಕೊಳ್ಳುತ್ತಿದ್ದೆ. ನಾನು ಕತಾರ್ ಬಿಡುವವರೆಗೂ ಎರಡನೆಯ ಅರ್ಜಿಗೆ ಉತ್ತರ ಬಂದಿರಲಿಲ್ಲ.

ಶಿವಾನಂದ ಹೊರಟ ಮರುದಿನ ಪ್ರಸಿತ್ ಕಂಟೇನರಿಗೆ ಬಂದ. ಅಷ್ಟು ದಿನ ಅವರನ್ನೇ ಕೇಳಲು ಹಿಂಜರಿದಿದ್ದನಂತೆ. "ಬಾಸ್, ಹಾಡಿನ ಮಾತು ಅವರು ಹೇಳಿದರಾ?"

"ಇಲ್ಲ. ನಾನೇ ಹೊಡೆದು ಹಾಕಿದ್ದೆನಲ್ಲ."

ಅವನು ಹೊರಗೆ ಹೋಗಿ, ಪಾಠದ ಕೊನೆಯ ವಾರ ನಾನು ಕೊಟ್ಟಿದ್ದ ಎರಡು ಬಾಟಲಿ ತಂದು ಮೇಜಿನ ಮೇಲಿಟ್ಟ. ಸೀಲ್ ಒಡೆದಿರಲಿಲ್ಲ. "ಖಲಾಸ್," ಎಂದು ಹೇಳಿ ಹೋದ.

ಸಾಮಾನು ಸರಿಯಿಲ್ಲವೆಂದು ನಾನು ವಾಪಸ್ ಮಾಡಿದ್ದಕ್ಕೆ ಲೆಕ್ಕವಿಲ್ಲ. ಸರಿಯಿದ್ದ ಸಾಮಾನು ನನಗೇ ವಾಪಸ್ ಬಂದದ್ದು ಅದೊಂದೇ ಸಲ. ಆಮೇಲೂ ಎಷ್ಟೋ ಜನ ಇಂಟರ್‌ವ್ಯೂಗೆ ಹೋಗುವ ಮುನ್ನ ನನ್ನ ಸಲಹೆ ಕೇಳಿದ್ದಾರೆ. ಈಗಲೂ ಕೊಡುತ್ತೇನೆ, ಅದು ಬಿಡುವ ಚಟವಲ್ಲ. ಮೊದಲು ಅವರ ಫೈಲ್ ಪೂರ್ತಿ ಓದುತ್ತೇನೆ. ಆಮೇಲೆ ಉತ್ತರವನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಅಷ್ಟು ಹೊತ್ತೂ ನನ್ನ ಪೆನ್ನು ಜೇಬಿನಲ್ಲೇ ಇರುತ್ತದೆ.