ಅಕ್ಕನ ಮೇಣದ ಹನಿ

ಮೊನ್ನೆ ಒಬ್ಬರು ನೀರಿನ ಮೋಟಾರಿನ ಸ್ಟಾರ್ಟರ್ ಬೋರ್ಡನ್ನು ಪೇಪರಿನಲ್ಲಿ ಸುತ್ತಿ ನನ್ನ ರಿಪೇರಿ ಅಂಗಡಿಗೆ ತಂದರು. ಬಿಚ್ಚುವ ಮೊದಲೇ ಕಮಟು ವಾಸನೆ ಮೂಗಿಗೆ ಬಡಿಯಿತು. ಮೋಟಾರಿಗೆ ಕರೆಂಟು ಬಿಟ್ಟು ಕಡಿಯುವ ರಿಲೇಯ ಕಾಲು ಕಾದು ಕಾದು ಬೆಸುಗೆ ಬಿಟ್ಟಾಗ ಬರುವ ವಾಸನೆ... ಅಕ್ಕ ಕಣ್ಣ ಮುಂದೆ ಬಂದು ಕುಳಿತಳು.

ಅವಳು ನನ್ನ ಒಡಹುಟ್ಟಿದವಳಲ್ಲ. ಚಿತ್ರದುರ್ಗದಲ್ಲಿ ಇಂಥ ಬೋರ್ಡು ತಯಾರಿಸುವ ಸಣ್ಣ ವರ್ಕ್‌ಶಾಪಿನಲ್ಲಿ ನಮ್ಮಿಬ್ಬರಿಗೂ ಒಂದೇ ಟೇಬಲ್ಲು. ದಿನಾ ಹೊಳಲ್ಕೆರೆಯಿಂದ ಬಸ್ಸಿಗೆ ಬರುತ್ತಿದ್ದಳು. ಮೋಟಾರಿನ ಕರೆಂಟು ಹರಿಯುವ ತಾಮ್ರದ ಪಟ್ಟಿಯ ಮೇಲಿನ ಹಸಿರು ಬಣ್ಣ ಕೆರೆದು, ಉದ್ದಕ್ಕೂ ಬರಿ ತಾಮ್ರದ ತಂತಿ ಮಲಗಿಸಿ, ರಿಲೇಯ ಕಾಲಿಗೆ ಒಂದು ಸುತ್ತು ಸುತ್ತಿ ಬೆಸೆಯುತ್ತಿದ್ದಳು. ಆಮೇಲೆ ಆ ಕಾಲಿನ ಬುಡಕ್ಕೆ ಮೇಣದಬತ್ತಿಯ ಒಂದು ಹನಿ. ಬೋರ್ಡನ್ನು ಅದರ ಡಬ್ಬಿಯೊಳಗೆ ಕೂರಿಸಿ, ಮುಚ್ಚಿ, ಒಂದು ಗಂಟೆ ಮೋಟಾರು ಓಡಿಸಿ, ಸ್ವಿಚ್ ಆರಿಸಿ ನೋಡುವಳು. ಮೇಣ ಕರಗಿದ್ದರೆ ಕಾಲು ಕಾಯುತ್ತಿದೆ ಎಂದರ್ಥ, ಮತ್ತೆ ಮೊದಲಿಂದ ಕೆಲಸ.

ಅವಳು ಎರಡು ಬೋರ್ಡು ಮುಗಿಸುವಷ್ಟರಲ್ಲಿ ನನ್ನವು ಐದು. ಜಂಬಕ್ಕೇನು ಕಮ್ಮಿ! "ಅಕ್ಕ, ಇನ್ನು ಆರತಿ ಎತ್ತೋದೊಂದು ಬಾಕಿ ಐತೆ ನೋಡು," ಎಂದು ರೇಗಿಸುತ್ತಿದ್ದೆ. "ನಿನ್ನ ಬೋರ್ಡಿಗೆ ಬೆಂಕಿ ಹತ್ತಿದ ಮೇಲೆ ಎತ್ತಾಣ ಬಿಡಪ್ಪ," ಎನ್ನುತ್ತಿದ್ದಳು.

ಒಮ್ಮೆ ಅವಳು ರಜೆ ಹಾಕಿದ್ದಾಗ ಹೊಸದುರ್ಗದ ಕಡೆಯ ಒಂದು ಹಳ್ಳಿಯ ಬೋರ್ಡು ನನ್ನ ಕೈಗೆ ಬಂತು. ಕುಡಿಯುವ ನೀರಿನ ಮೋಟಾರಿನದು. ತಂತಿ ಹಾಕದೆ ಬೆಸುಗೆಯನ್ನೇ ದಪ್ಪಗೆ ಬಳಿದೆ. ಮೇಣದ ಹನಿಯನ್ನೇನೋ ಇಟ್ಟೆ. ಆದರೆ ಡಬ್ಬಿ ತೆರೆದಿಟ್ಟು, ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿರುವಾಗ! ಮೇಣ ಕರಗುವುದೆಲ್ಲಿಂದ ಬಂತು? ಆ ಹಳ್ಳಿಯಲ್ಲಿ ಡಬ್ಬಿ ಇದ್ದದ್ದು ಬಿಸಿಲಿಗೆ ಕಾದ ತಗಡಿನ ಶೆಡ್ಡಿನೊಳಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ವಾರದೊಳಗೆ ಬೋರ್ಡು ಸುಟ್ಟು ವಾಪಸ್ ಬಂತು. "ಯಾರು ಮಾಡಿದ್ದು ಇದು?" ಎಂದು ಮಾಲೀಕರು ಕೇಳಿದರೆ ನಾನು ಕೈಯಲ್ಲಿದ್ದ ಬೋರ್ಡಿನ ಮೇಲೆ ಇನ್ನಷ್ಟು ಬಗ್ಗಿದೆ. ಕೆಲಸ ಹೋದರೆ ಏನು ಗತಿ ಎಂಬ ಭಯ. ಅಕ್ಕನಿಗೆ ನೋಡಿದೊಡನೆ ಗೊತ್ತಾಗಿತ್ತು. "ನಮ್ಮ ಟೇಬಲ್ಲಿಂದೇ ಸಾರ್, ನಾವೇ ಹೋಗಿ ಸರಿ ಮಾಡಿ ಬರ್ತೀವಿ," ಎಂದಳು. ನನ್ನ ಕಡೆ ತಿರುಗಿ, "ಏಳಪ್ಪ, ಹೋಗಾಣ," ಎಂದಳು, ಅಷ್ಟೇ.

ಹಳ್ಳಿಯಲ್ಲಿ ಖಾಲಿ ಕೊಡಗಳ ಸಾಲು. ಒಬ್ಬ ಅಜ್ಜಿ ಅಕ್ಕನನ್ನೇ ತರಾಟೆಗೆ ತೆಗೆದುಕೊಂಡಳು: "ಎಲ್ಡು ದಿನ ಆತು, ತೊಟ್ಟು ನೀರಿಲ್ಲ. ಎಂಥ ಕೆಲಸ ಮಾಡೀಯವ್ವ ನೀನು?" ಅಕ್ಕ ತಲೆ ತಗ್ಗಿಸಿ ನಿಂತಳು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಅಕ್ಕನ್ನ ಬೈಬೇಡ್ರಿ. ಮಾಡಿದ್ದು ನಾನು."

ಅಕ್ಕ ಸೋಲ್ಡರಿಂಗ್ ಐರನ್ ನನ್ನ ಕೈಗಿತ್ತಳು. ಹೊಸ ರಿಲೇ, ಹೊಸ ತಂತಿ, ಕಾಲಿಗೊಂದು ಸುತ್ತು, ಬುಡಕ್ಕೆ ಮೇಣದ ಹನಿ... ಡಬ್ಬಿ ಮುಚ್ಚಿ, ಮೋಟಾರು ಓಡಿಸಿ, ಆ ಉರಿಬಿಸಿಲಿನಲ್ಲಿ ಒಂದು ಗಂಟೆ ಕಾದೆವು. ಮೇಣ ಇಟ್ಟ ಹಾಗೇ ಇತ್ತು. ಅಷ್ಟರಲ್ಲಿ ಕೊಡಗಳೆಲ್ಲ ತುಂಬಿ ಮನೆ ಸೇರಿದ್ದವು. ಮರುದಿನ ಮಾಲೀಕರಿಗೂ ನಾನೇ ಹೇಳಿದೆ. ಬೈದರು, ಕೆಲಸ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಅಕ್ಕ ಕಾಯಿಲೆ ಬಿದ್ದಾಗ ಹೊಳಲ್ಕೆರೆಗೆ ನೋಡಲು ಹೋಗಿದ್ದೆ. ಅಂದು ನೀನು ಜೊತೆಗೆ ಬಂದಿದ್ದಕ್ಕೇ ನಾನು ಕೆಲಸಗಾರನಾದೆ ಎಂದು ಹೇಳಬೇಕೆಂದುಕೊಂಡವನು, ಬಸ್ಸು ಸಿಗದ ಕಥೆ ಹೇಳಿ, ಕಾಫಿ ಕುಡಿದು ಎದ್ದು ಬಂದೆ. ಹೋದ ವರ್ಷ ಅವಳು ತೀರಿಕೊಂಡಳು.

ಮೊನ್ನೆ ಬೋರ್ಡು ತಂದವರು ಅದನ್ನು ಒಯ್ಯುವಾಗ, "ಇಷ್ಟು ಗಟ್ಟಿ ಕೆಲಸ ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಅವರನ್ನು ಕೂರಿಸಿಕೊಂಡು ಅಕ್ಕನ ವಿಷಯವೆಲ್ಲ ಹೇಳುತ್ತಾ ಹೋದೆ... ಗುರುತಿಲ್ಲದವರ ಮುಂದೆ ಅಷ್ಟು ಸಲೀಸಾಗಿ ಬಂದ ಮಾತು, ಅಕ್ಕ ಇರುವಾಗ ಬರಲಿಲ್ಲವಲ್ಲ.